ಜರ್ಮನ್ ವಲಸೆ ರೈತರ ಪೆಟ್ಟಿಗೆಗಳಲ್ಲಿ ನಿಜವಾಗಿ ಏನಿತ್ತು? ಸಂಗ್ರಹಾಲಯಗಳಲ್ಲಿ ಕಾಣದ ದಿನಬಳಕೆಯ ವಸ್ತುಗಳ ಬಗ್ಗೆ

ಬಯಲುಸೀಮೆಯವಳು:
ಕನ್ಸಾಸ್, ನೆಬ್ರಾಸ್ಕ, ಡಕೋಟಾ ಕಡೆಯ ಊರೂರಿನ ಸಂಗ್ರಹಾಲಯಗಳನ್ನು ನೋಡಿದವರಲ್ಲಿ ಒಂದು ಪ್ರಶ್ನೆ. ರಷ್ಯಾದಿಂದ ಬಂದ ಜರ್ಮನ್ ರೈತ ಕುಟುಂಬಗಳ ವಿಭಾಗಕ್ಕೆ ಹೋದರೆ ಎಲ್ಲೆಡೆಯೂ ಮೂರೇ ವಸ್ತುಗಳು ಮುಂದೆ ನಿಂತಿರುತ್ತವೆ: ಮರದ ದೊಡ್ಡ ಪೆಟ್ಟಿಗೆ, ಗೋಡೆ ಗಡಿಯಾರ ಮತ್ತು ದಪ್ಪ ರಟ್ಟಿನ ಜರ್ಮನ್ ಬೈಬಲ್. ಇವು ಚೆಂದದ ವಸ್ತುಗಳೇ, ನನ್ನ ತಕರಾರು ಅವುಗಳ ಮೇಲಲ್ಲ. ಆದರೆ ಆ ಮನೆಯ ಹೆಂಗಸು ಬೆಳಗ್ಗೆ ಎದ್ದೊಡನೆ ಕೈಗೆ ತೆಗೆದುಕೊಳ್ಳುತ್ತಿದ್ದುದು ಏನನ್ನು, ಮಕ್ಕಳು ಏನನ್ನು ಹೊದ್ದು ಮಲಗುತ್ತಿದ್ದರು, ಗಂಡಸರು ಕಾಲಿಗೆ ಏನು ಮೆಟ್ಟಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದರು ಎಂಬುದು ಅಲ್ಲಿಂದ ಹೊರಬರುವಾಗಲೂ ತಿಳಿದಿರುವುದಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ರಷ್ಯಾದ ಎರಡನೆಯ ಕ್ಯಾಥರೀನ್ ರಾಣಿ 1763ರಲ್ಲಿ ಹೊರಡಿಸಿದ ಆಹ್ವಾನದ ಮೇಲೆ ಸಾವಿರಾರು ಜರ್ಮನ್ ಕುಟುಂಬಗಳು ವೋಲ್ಗಾ ನದಿಯ ದಂಡೆಗೆ ಹೋಗಿ ನೆಲೆಸಿದವು. ಸೇನೆಗೆ ಸೇರಬೇಕಾಗಿಲ್ಲ, ತಮ್ಮ ಧರ್ಮ ತಮಗೆ, ಊರಿನ ಆಡಳಿತ ತಮ್ಮದೇ ಎಂಬ ಮಾತು ಕೊಡಲಾಗಿತ್ತು. ಮುಂದೆ ಕಪ್ಪು ಸಮುದ್ರದ ಉತ್ತರಕ್ಕೂ ಇಂಥ ವಸಾಹತುಗಳು ಹಬ್ಬಿದವು. ಎರಡನೆಯ ಅಲೆಕ್ಸಾಂಡರ್ ಕಾಲದಲ್ಲಿ, 1871ರಲ್ಲಿ, ಈ ವಿಶೇಷ ಸವಲತ್ತುಗಳು ಹೋದವು. 1874ರಲ್ಲಿ ಸೇನಾ ಸೇವೆ ಎಲ್ಲರಿಗೂ ಕಡ್ಡಾಯವಾಯಿತು. ಆಗ ಹೊರಟವರು ಅಮೆರಿಕ ಮತ್ತು ಕೆನಡಾದ ಬಯಲುಗಳಿಗೆ ಬಂದರು.

ನನ್ನ ಎರಡನೆಯ ಅನುಮಾನ ವಿವರಣೆಯ ಚೀಟಿಗಳ ಬಗ್ಗೆ. ನಾನು ಹೋಗಿದ್ದ ಒಂದು ಸಂಗ್ರಹಾಲಯದಲ್ಲಿ ಬಟ್ಟಲು, ತೊಟ್ಟಿಲು, ಕುರ್ಚಿ, ಒನಕೆ ಎಲ್ಲದರ ಮೇಲೂ ‘ಹಳೆಯ ನಾಡಿನಿಂದ ತಂದದ್ದು’ ಎಂದೇ ಬರೆದಿತ್ತು. ಹಡಗಿನ ಕೆಳ ಅಂತಸ್ತಿನಲ್ಲಿ ಮಕ್ಕಳು ಮರಿಗಳೊಂದಿಗೆ ಬಂದವರು ಇಷ್ಟೆಲ್ಲ ಹೊತ್ತು ತರಲು ಸಾಧ್ಯವಿತ್ತೇ?

ವಸ್ತುಕೋಶ:
ಸಂಗ್ರಹಾಲಯ ಶಾಸ್ತ್ರ ಓದುವವರಿಗೆ ಮೊದಲ ವರ್ಷದಲ್ಲೇ ಎದುರಾಗುವ ಸಮಸ್ಯೆ ಇದು. ಹೆಚ್ಚು ಬಳಸಿದ ವಸ್ತು ಉಳಿಯುವುದಿಲ್ಲ, ಕಡಿಮೆ ಬಳಸಿದ ವಸ್ತು ಉಳಿಯುತ್ತದೆ. ಹಬ್ಬಕ್ಕೊಮ್ಮೆ ಹೊರಗೆ ತೆಗೆದ ಬಟ್ಟೆ ನೂರೈವತ್ತು ವರ್ಷ ಬಾಳುತ್ತದೆ. ದಿನವೂ ಕೊಟ್ಟಿಗೆಗೆ ತೊಟ್ಟುಕೊಂಡು ಹೋದ ಅಂಗಿ ಮೊದಲು ತೇಪೆಯಾಗಿ, ಬಳಿಕ ಮಕ್ಕಳ ಬಟ್ಟೆಯಾಗಿ, ಕೊನೆಗೆ ನೆಲ ಒರೆಸುವ ಚಿಂದಿಯಾಗಿ ಮುಗಿದುಹೋಗುತ್ತದೆ. ಆದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಕಾಣುವುದು ಆ ಕುಟುಂಬದ ದಿನಚರಿಯಲ್ಲ, ಆ ಕುಟುಂಬ ಜೋಪಾನ ಮಾಡಿದ್ದು ಮಾತ್ರ.

ವಿನ್ನಿಪೆಗ್ ವಾಸಿ:
ಮ್ಯಾನಿಟೋಬಾದಲ್ಲಿಯೂ ಇದೇ ಕಥೆ. ಇಲ್ಲಿಗೆ 1874ರಿಂದ ಬಂದವರು ಮೆನ್ನೊನೈಟರು, ಅಂದರೆ ಆಯುಧ ಹಿಡಿಯುವುದಿಲ್ಲ ಎಂಬ ವ್ರತವಿದ್ದ ಪಂಥದವರು. ವಿಸ್ತುಲಾ ನದಿಯ ಮುಖಜ ಭೂಮಿಯಿಂದ 1789ರಲ್ಲಿ ಇಂದಿನ ಉಕ್ರೇನಿನ ಖೋರ್ಟಿತ್ಸಾಕ್ಕೆ, 1804ರಲ್ಲಿ ಮೊಲೋಚ್ನಾಕ್ಕೆ ಹೋಗಿ ನೆಲೆಸಿದವರ ಮೊಮ್ಮಕ್ಕಳು ಇವರು.

ಪೆಟ್ಟಿಗೆಯ ಬಗ್ಗೆ ಮಾತ್ರ ನಾನು ವಾದಕ್ಕೆ ನಿಲ್ಲುತ್ತೇನೆ. ಅದನ್ನು ಬರೀ ಅಲಂಕಾರದ ವಸ್ತು ಎಂದು ಬದಿಗೆ ಸರಿಸಬಾರದು. ಸ್ಟೈನ್‌ಬಾಕ್ ಪಟ್ಟಣದ ಮೆನ್ನೊನೈಟ್ ಪಾರಂಪರಿಕ ಗ್ರಾಮದಂಥ ಕಡೆಗೆ ಹೋದಾಗ ಪೆಟ್ಟಿಗೆಯ ಹೊರಮೈ ನೋಡಿ ಮುಂದೆ ಹೋಗದೆ ಒಳಭಾಗವನ್ನು ಬಗ್ಗಿ ನೋಡಬೇಕು. ಒಂದು ಪಕ್ಕದಲ್ಲಿ, ಅಂಚಿಗೆ ತಾಗಿದಂತೆ, ಮುಚ್ಚಳವಿರುವ ಸಣ್ಣ ಗೂಡು ಇರುತ್ತದೆ. ಸೂಜಿ, ದಾರ, ಕಾಗದಪತ್ರ, ನಾಣ್ಯಗಳಂಥ ಸಣ್ಣ ಸಾಮಾನುಗಳ ಜಾಗ ಅದು. ದೊಡ್ಡ ಮುಚ್ಚಳದ ಒಳಮೈಗೆ ಬಣ್ಣದ ಚಿತ್ರಗಳನ್ನು ಅಂಟಿಸಿರುತ್ತಾರೆ. ಹೊರಗೆ ಗಟ್ಟಿ ಲೋಹದ ಹಿಡಿಗಳು, ದೊಡ್ಡ ಬೀಗದ ಕೈ, ಕೆಳಗೆ ಪೆಟ್ಟಿಗೆಯಿಂದ ಬೇರ್ಪಡಿಸಬಹುದಾದ ಕಾಲಿನ ಚೌಕಟ್ಟು. ಹೆಣ್ಣುಮಗಳಿಗೆ ಮದುವೆಗೆ ಮುಂಚೆ ಕೊಡುತ್ತಿದ್ದ ಈ ಪೆಟ್ಟಿಗೆ ಹಡಗಿನಲ್ಲಿ ಸಾಮಾನಿನ ಪೆಟ್ಟಿಗೆಯಾಯಿತು, ಮಣ್ಣಿನ ಹೆಂಟೆಯ ಮೊದಲ ಮನೆಯಲ್ಲಿ ಮೇಜೂ ಬೆಂಚೂ ಆಯಿತು, ಕೊನೆಗೆ ಬಟ್ಟೆಯ ಬೀರುವಾಗಿ ನಿಂತಿತು. ದಿನಬಳಕೆಯ ವಸ್ತು ಎಂದರೆ ಇದಕ್ಕಿಂತ ಬೇರೆ ಯಾವುದು?

ಇನ್ನು ಅದರೊಳಗೆ ಏನು ತುಂಬಿದ್ದರು ಎಂಬುದಕ್ಕೆ ಒಂದು ಉತ್ತರ ಆಹಾರ. ಒಂದರ ಮೇಲೊಂದು ಉಂಡೆ ಕೂರಿಸಿ ಬೇಯಿಸುವ ಜ್ವೀಬಾಕ್ ಎಂಬ ಬನ್ನುಗಳನ್ನು ಮತ್ತೆ ಒಲೆಯಲ್ಲಿಟ್ಟು ಕಲ್ಲಿನಂತೆ ಗರಿಗರಿಯಾಗುವವರೆಗೆ ಒಣಗಿಸಿ ಚೀಲಗಟ್ಟಲೆ ತಂದರು. ಕಾಫಿಯಲ್ಲಿ ಅದ್ದಿಕೊಂಡು ಹಡಗಿನ ವಾರಗಳನ್ನೂ ರೈಲಿನ ದಿನಗಳನ್ನೂ ಕಳೆದರು. ತಂದದ್ದೆಲ್ಲ ತಿಂದು ಮುಗಿದ ಮೇಲೆ ಸಂಗ್ರಹಾಲಯಕ್ಕೆ ಏನು ಸಿಗಬೇಕು!

ಕುತೂಹಲಿ:
ಗೋಡೆ ಗಡಿಯಾರವನ್ನು ಮುರಿಯದಂತೆ ಸಾವಿರಾರು ಮೈಲಿ ಹೇಗೆ ತಂದರು?

ವಿನ್ನಿಪೆಗ್ ವಾಸಿ:
ನಾವು ಊಹಿಸುವಂಥ ಗಾಜಿನ ಕಪಾಟಿನ ಗಡಿಯಾರ ಅದಲ್ಲ. ಖೋರ್ಟಿತ್ಸಾ ವಸಾಹತಿನ ರೋಸೆಂತಾಲ್ ಗ್ರಾಮದ ಕ್ರೋಗರ್ ಮನೆತನದವರು ತಲೆಮಾರುಗಳಿಂದ ಮಾಡುತ್ತಿದ್ದ ಗಡಿಯಾರಗಳು ಬಹಳ ಹೆಸರಾದವು. ಅವುಗಳಿಗೆ ಮರದ ಕವಚವೂ ಇಲ್ಲ, ಮುಂದೆ ಗಾಜೂ ಇಲ್ಲ. ಹೂವು ಬರೆದ ಲೋಹದ ಮುಖಫಲಕ, ಅದರ ಹಿಂದೆ ಯಂತ್ರ, ಕೆಳಗೆ ಸರಪಳಿಯಲ್ಲಿ ತೂಗುವ ತೂಕದ ಗುಂಡು ಮತ್ತು ಉದ್ದನೆಯ ಲೋಲಕ. ಲೋಲಕ ಮತ್ತು ಗುಂಡನ್ನು ಕಳಚಿಟ್ಟರೆ ಉಳಿಯುವುದು ಚಿಕ್ಕ ಗಂಟು. ಅದನ್ನು ಗರಿಯ ಹಾಸಿಗೆಯ ನಡುವೆ ಸುತ್ತಿಟ್ಟರೆ ಯಾವ ಭಯವೂ ಇರಲಿಲ್ಲ. ದಿನವೂ ಸರಪಳಿ ಎಳೆದು ಗುಂಡನ್ನು ಮೇಲಕ್ಕೆ ತರುವುದು ಮನೆಯ ಹಿರಿಯರ ಕೆಲಸವಾಗಿತ್ತು. ಮುಖಫಲಕದ ಬಣ್ಣ ಮಾಸಿದಾಗ ಮನೆಯವರೇ ಮತ್ತೆ ಬಳಿಯುತ್ತಿದ್ದುದರಿಂದ ಒಂದೇ ಗಡಿಯಾರದ ಮೇಲೆ ಮೂರು ನಾಲ್ಕು ಪದರದ ಹೂವುಗಳು ಸಿಗುವುದುಂಟು.

ಬಯಲುಸೀಮೆಯವಳು:
ಗರಿಯ ಹಾಸಿಗೆ! ಇದನ್ನೇ ನಾನು ಕೇಳುತ್ತಿದ್ದುದು. ಯಾವ ಪ್ರದರ್ಶನದಲ್ಲಿಯೂ ಅದಕ್ಕೆ ಸರಿಯಾದ ಜಾಗ ಕೊಟ್ಟದ್ದನ್ನು ನಾನು ನೋಡಿಲ್ಲ.

ನೇಯ್ಗೆಮನೆ:
ಗರಿಯ ಹಾಸಿಗೆ ಮತ್ತು ಗರಿಯ ಹೊದಿಕೆ ಜರ್ಮನ್ ರೈತರ ಮನೆಯಲ್ಲಿ ಒಂದು ಆಸ್ತಿಯೇ ಆಗಿತ್ತು. 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ ಜರ್ಮನರು ಸತ್ತಾಗ ನ್ಯಾಯಾಲಯಕ್ಕಾಗಿ ತಯಾರಿಸುತ್ತಿದ್ದ ಆಸ್ತಿಪಟ್ಟಿಗಳಲ್ಲಿ ಹಾಸಿಗೆ, ದಿಂಬು, ಹೊದಿಕೆಗಳಿಗೆ ಬೇರೆಯಾಗಿಯೇ ಬೆಲೆ ಕಟ್ಟಿರುತ್ತಿದ್ದರು. ಬಾತುಕೋಳಿಯ ಎದೆಯ ಮೃದುವಾದ ಗರಿಗಳನ್ನು ಕಿತ್ತು, ಗಟ್ಟಿ ದಂಟನ್ನು ಸೀಳಿ ತೆಗೆದು, ಒತ್ತಾಗಿ ನೇಯ್ದ ಬಟ್ಟೆಯ ಚೀಲಕ್ಕೆ ತುಂಬುವುದು ಚಳಿಗಾಲದ ಸಂಜೆಗಳ ಕೆಲಸವಾಗಿತ್ತು. ಬಟ್ಟೆ ಹಳತಾದರೆ ಹೊಸ ಚೀಲ ಹೊಲಿದು ಹಳೆಯ ಗರಿಯನ್ನೇ ಮತ್ತೆ ತುಂಬುತ್ತಿದ್ದರು. ಹೀಗಾಗಿ ಹಳೆಯ ನಾಡಿನ ಗರಿ ಹೊಸ ನಾಡಿನ ಬಟ್ಟೆಯೊಳಗೆ ಇರುವುದು ಸಹಜ. ಇದಕ್ಕೆ ಯಾವ ಚೀಟಿ ಅಂಟಿಸುತ್ತೀರಿ?

ಕಣದ ಮಾತು:
ಕೃಷಿಕರ ಕುಟುಂಬದಿಂದ ಬಂದವನಾಗಿ ನನಗೆ ಒಂದು ಆಕ್ಷೇಪವಿದೆ. ‘ತಂದದ್ದು’ ಮಾತ್ರ ಅಸಲು, ‘ಇಲ್ಲಿ ಮಾಡಿಕೊಂಡದ್ದು’ ನಕಲು ಎಂಬ ಭಾವನೆ ಈ ಚರ್ಚೆಯೊಳಕ್ಕೆ ಮೆಲ್ಲಗೆ ನುಸುಳುತ್ತಿದೆ. ಕನ್ಸಾಸ್‌ನ ಮೆನ್ನೊನೈಟರ ಒಕ್ಕಣೆಯ ಕಲ್ಲನ್ನು ನೋಡಿ. ನಮ್ಮ ಹಳೆ ಮೈಸೂರು ಸೀಮೆಯ ಕಣದಲ್ಲಿ ರಾಗಿ ಒಕ್ಕಲು ಎತ್ತುಗಳು ಎಳೆಯುತ್ತಿದ್ದ ರೋಣಗಲ್ಲಿನಂಥದ್ದೇ ಅದು, ಆದರೆ ಮೈ ನುಣುಪಾಗಿರದೆ ಉದ್ದಕ್ಕೂ ಏಳು ಹಲ್ಲುಗಳನ್ನು ಕಡೆದಿರುತ್ತಾರೆ. ಕುದುರೆ ಕಟ್ಟಿ ಗೋಧಿಯ ತೆನೆಯ ಮೇಲೆ ಸುತ್ತು ಹಾಕಿಸುತ್ತಿದ್ದರು. ಇಂಥ ಭಾರದ ಕಲ್ಲನ್ನು ಯಾರೂ ಹಡಗಿನಲ್ಲಿ ತರಲಿಲ್ಲ. ಕನ್ಸಾಸ್‌ನ ಸುಣ್ಣಕಲ್ಲಿನಲ್ಲಿ, ನೆನಪಿನ ಅಳತೆಯ ಮೇಲೆ ಕಡೆಸಿಕೊಂಡರು. ಒಕ್ಕಣೆ ಯಂತ್ರ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಅದು ಮೂಲೆಗೆ ಬಿತ್ತು. ಆದರೂ ಉತ್ತರ ನ್ಯೂಟನ್‌ನ ಬೆಥೆಲ್ ಕಾಲೇಜಿನ ಆಟಗಾರರ ತಂಡಕ್ಕೆ ಇಂದಿಗೂ ‘ಒಕ್ಕಲಿಡುವವರು’ ಎಂಬ ಅರ್ಥದ ಹೆಸರೇ ಇದೆ. ಹಾಗಾದರೆ ಈ ಕಲ್ಲು ವಲಸಿಗರ ವಸ್ತುವೋ, ಅಮೆರಿಕದ ವಸ್ತುವೋ?

ವಸ್ತುಕೋಶ:
ಎರಡೂ ಹೌದು. ಅದನ್ನೇ ಚೀಟಿಯಲ್ಲಿ ಬರೆಯಬೇಕು ಎಂಬುದು ನನ್ನ ವಾದ. ‘ಇಲ್ಲಿಯ ಕಲ್ಲು, ಅಲ್ಲಿಯ ತಿಳಿವಳಿಕೆ’ ಎಂದು ಬರೆದರೆ ನೋಡುವವರಿಗೆ ಹೆಚ್ಚು ತಿಳಿಯುತ್ತದೆಯೇ ಹೊರತು ವಸ್ತುವಿನ ಗೌರವ ಕಡಿಮೆಯಾಗುವುದಿಲ್ಲ.

ಹೊಲದ ದಾರಿ:
ಎಲ್ಲರೂ ಮುಖ್ಯವಾದದ್ದನ್ನೇ ಮರೆತಿದ್ದೀರಿ: ಗೋಧಿ ಬೀಜ. ಟರ್ಕಿ ರೆಡ್ ಎಂಬ ಚಳಿಗಾಲದ ಗಟ್ಟಿ ಗೋಧಿಯನ್ನು ಮೆನ್ನೊನೈಟ್ ಮಕ್ಕಳು ಒಂದೊಂದೇ ಕಾಳು ಆರಿಸಿ ಪೆಟ್ಟಿಗೆಗೆ ತುಂಬಿದರು, ಅದರಿಂದಲೇ ಕನ್ಸಾಸ್ ಗೋಧಿಯ ನಾಡಾಯಿತು.

ವಸ್ತುಕೋಶ:
ಆ ಕಥೆ ಅಲ್ಲಿನ ಪ್ರತಿ ಊರಿನಲ್ಲಿಯೂ ಸಿಗುತ್ತದೆ, ಕೇಳಲು ಹಿತವಾಗಿಯೂ ಇದೆ. ಆದರೆ ಮನೆಮನೆಯ ಪೆಟ್ಟಿಗೆಯಲ್ಲಿ ಬಂದ ಬೀಜ ಇಡೀ ರಾಜ್ಯವನ್ನು ತುಂಬಿತು ಎಂದರೆ ಲೆಕ್ಕ ಕೂಡುವುದಿಲ್ಲ. ಹಾಲ್‌ಸ್ಟೆಡ್ ಮತ್ತು ನ್ಯೂಟನ್‌ನಲ್ಲಿ ಗಿರಣಿ ನಡೆಸಿದ ಬರ್ನಾರ್ಡ್ ವಾರ್ಕೆಂಟಿನ್ ಮುಂದಿನ ದಶಕಗಳಲ್ಲಿ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ತರಿಸಿದರು. ಕೃಷಿ ಇಲಾಖೆಯ ಮಾರ್ಕ್ ಕಾರ್ಲ್‌ಟನ್ 1898ರ ನಂತರ ರಷ್ಯಾಕ್ಕೇ ಹೋಗಿ ತಳಿಗಳನ್ನು ಹುಡುಕಿದರು. ಅಲ್ಲದೆ ಈ ಗೋಧಿ ಬಹಳ ಗಟ್ಟಿ. ಹಳೆಯ ಬೀಸುವ ಕಲ್ಲುಗಳಲ್ಲಿ ಚೆನ್ನಾಗಿ ಹಿಟ್ಟಾಗುತ್ತಿರಲಿಲ್ಲ. ಉಕ್ಕಿನ ಉರುಳೆಗಳ ಗಿರಣಿ ಬಂದ ಮೇಲೆಯೇ ಅದಕ್ಕೆ ಮಾರುಕಟ್ಟೆ ಬೆಳೆದದ್ದು.

ಹೊಲದ ದಾರಿ:
ಹಾಗೆಂದರೆ ಯಾರೂ ಬೀಜವನ್ನೇ ತರಲಿಲ್ಲವೆಂದೇ? ಯಾವ ರೈತನಾದರೂ ಬೀಜವಿಲ್ಲದೆ ಊರು ಬಿಡುತ್ತಾನೆಯೇ?

ವಿನ್ನಿಪೆಗ್ ವಾಸಿ:
ತಂದರು, ಖಂಡಿತ ತಂದರು. ಆದರೆ ಗೋಧಿಯೊಂದನ್ನೇ ಹಿಡಿದು ಕೂತರೆ ಹೆಂಗಸರು ತಂದ ಬೀಜಗಳು ಮರೆಯಾಗುತ್ತವೆ. ಕಲ್ಲಂಗಡಿ ಬೀಜದ ವಿಷಯ ಯಾರಾದರೂ ಎತ್ತುತ್ತೀರಾ ಎಂದು ಕಾಯುತ್ತಿದ್ದೆ. ದಕ್ಷಿಣ ರಷ್ಯಾದಲ್ಲಿ ಅವರು ಕಲ್ಲಂಗಡಿಯನ್ನು ಹೊಲಗಟ್ಟಲೆ ಬೆಳೆದು, ರಸವನ್ನು ದೊಡ್ಡ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ ಕಪ್ಪು ಪಾಕ ಮಾಡುತ್ತಿದ್ದರು; ಸಕ್ಕರೆ ದುಬಾರಿಯಾದ ಮನೆಯಲ್ಲಿ ಸಿಹಿಗೆ ಅದೇ ಆಧಾರ. ಆ ಕೊಪ್ಪರಿಗೆಯೂ ಗಮನಿಸಬೇಕಾದ ವಸ್ತು. ಇಟ್ಟಿಗೆಯ ಒಲೆಯಲ್ಲಿ ಕೂರಿಸಿದ ಅದೇ ಒಂದು ಪಾತ್ರೆಯಲ್ಲಿ ಬೇಸಿಗೆಯಲ್ಲಿ ಪಾಕ, ಚಳಿಗಾಲದಲ್ಲಿ ಹಂದಿ ಕಡಿದ ದಿನ ಕೊಬ್ಬು ಕರಗಿಸುವುದು, ಉಳಿದ ದಿನ ಬಟ್ಟೆ ಒಗೆಯಲು ಬಿಸಿನೀರು.

ಕುತೂಹಲಿ:
ಒಂದೇ ಪಾತ್ರೆಯಲ್ಲಿ ಬಟ್ಟೆಯೂ ಪಾಕವೂ?

ವಿನ್ನಿಪೆಗ್ ವಾಸಿ:
ಎರಡರ ನಡುವೆ ಚೆನ್ನಾಗಿ ಉಜ್ಜಿ ತೊಳೆಯುತ್ತಿದ್ದರು. ಬೀಡಿನ ಕಬ್ಬಿಣದ ದೊಡ್ಡ ಪಾತ್ರೆಯನ್ನು ಎರಡು ಕೊಳ್ಳುವಷ್ಟು ಹಣ ಯಾರ ಬಳಿ ಇತ್ತು?

ಹೇಸ್ ಹತ್ತಿರದವ:
ನೀವೆಲ್ಲ ಮೆನ್ನೊನೈಟರನ್ನು ಮಾತ್ರ ಹಿಡಿದುಕೊಂಡು ‘ರಷ್ಯಾದ ಜರ್ಮನರು’ ಎನ್ನುತ್ತಿದ್ದೀರಿ, ಅದನ್ನು ಒಪ್ಪಲಾಗುವುದಿಲ್ಲ. ಪಶ್ಚಿಮ ಕನ್ಸಾಸ್‌ನ ಎಲಿಸ್ ಮತ್ತು ರಶ್ ಕೌಂಟಿಗಳಿಗೆ 1876ರಲ್ಲಿ ಬಂದವರು ವೋಲ್ಗಾ ದಂಡೆಯ ಕ್ಯಾಥೊಲಿಕರು. ಕ್ಯಾಥರೀನ್, ಮುಂಜೊರ್, ಫೈಫರ್, ಶೋಯೆನ್‌ಶೆನ್, ಲೀಬೆಂತಾಲ್ ಎಂಬ ಊರುಗಳು ಅವರದು; ಹೆರ್ಝೋಗ್ ಮುಂದೆ ವಿಕ್ಟೋರಿಯಾ ಪಟ್ಟಣದೊಳಗೆ ಸೇರಿತು. ಇವರು ಮೆನ್ನೊನೈಟರಷ್ಟು ಅನುಕೂಲಸ್ಥರಾಗಿರಲಿಲ್ಲ. ವೋಲ್ಗಾದ ಹಳ್ಳಿಗಳಲ್ಲಿ ಜಮೀನನ್ನು ಊರೇ ಸಾಮೂಹಿಕವಾಗಿ ಹೊಂದಿ ಆಗಾಗ ಹಂಚುತ್ತಿದ್ದುದರಿಂದ, ಮಾರಿ ಹಣ ಮಾಡಿಕೊಳ್ಳಲು ಹೆಚ್ಚಿನವರಿಗೆ ಸ್ವಂತ ನೆಲವೇ ಇರಲಿಲ್ಲ. ಆದ್ದರಿಂದ ಇವರ ಗಂಟುಗಳಲ್ಲಿ ಗಡಿಯಾರ ಹುಡುಕಿದರೆ ನಿರಾಶೆಯಾಗುತ್ತದೆ.

ಇವರು ಮೈಮೇಲೆಯೇ ತೊಟ್ಟು ತಂದರು. ತುಪ್ಪಳ ಒಳಗೆ, ಚರ್ಮ ಹೊರಗೆ ಇರುವಂತೆ ಹೊಲಿದ ಕುರಿಚರ್ಮದ ಉದ್ದನೆಯ ಕೋಟು, ಒತ್ತಿದ ಉಣ್ಣೆಯ ಮಂದವಾದ ಬೂಟು, ಹೆಂಗಸರ ತಲೆಗೆ ಕಪ್ಪು ವಸ್ತ್ರ. ಜರ್ಮನ್ ಮಾತನಾಡುವ ಇವರನ್ನು ಅಕ್ಕಪಕ್ಕದ ಅಮೆರಿಕನ್ನರು ‘ರಷ್ಯನ್ನರು’ ಎಂದು ಕರೆದದ್ದಕ್ಕೆ ಈ ಉಡುಪೂ ಒಂದು ಕಾರಣ. ನೂರು ವರ್ಷ ವೋಲ್ಗಾ ದಂಡೆಯಲ್ಲಿ ಬಾಳಿದವರ ಮನೆಯಲ್ಲಿ ರಷ್ಯನ್ ವಸ್ತುಗಳಿರುವುದು ಸಹಜವಲ್ಲವೇ? ಹುರಿದ ಸೂರ್ಯಕಾಂತಿ ಬೀಜವನ್ನು ಜೇಬಿನಲ್ಲಿ ತುಂಬಿಕೊಂಡು ಭಾನುವಾರ ಮಧ್ಯಾಹ್ನವಿಡೀ ಸಿಪ್ಪೆ ಉಗುಳುತ್ತ ಹರಟುವ ರೂಢಿಯೂ ಅವರೊಂದಿಗೇ ಬಂತು.

ಕಣದ ಮಾತು:
ಜೇಬಿನಲ್ಲಿ ಬಂದದ್ದು ಪೆಟ್ಟಿಗೆಯಲ್ಲಿ ಬಂದದ್ದಕ್ಕಿಂತ ಹೆಚ್ಚು ಕಾಲ ಉಳಿದಿದೆ ಎನ್ನಿ.

ಲಿಂಕನ್ ಕನ್ನಡಿಗ:
ಬಡವರ ವಿಷಯ ಬಂದದ್ದರಿಂದ ಹೇಳುತ್ತೇನೆ. ನೆಬ್ರಾಸ್ಕದ ಲಿಂಕನ್ ನಗರದ ತಗ್ಗು ಪ್ರದೇಶಗಳಲ್ಲಿ, ಉತ್ತರ ಮತ್ತು ದಕ್ಷಿಣ ಬಾಟಮ್ಸ್ ಎಂಬಲ್ಲಿ, ವೋಲ್ಗಾ ಜರ್ಮನರು ಒತ್ತೊತ್ತಾಗಿ ಮನೆ ಕಟ್ಟಿಕೊಂಡಿದ್ದರು. ಬೇಸಿಗೆ ಸಮೀಪಿಸಿದರೆ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ರೈಲು ಹತ್ತಿ ಪಶ್ಚಿಮ ನೆಬ್ರಾಸ್ಕ ಮತ್ತು ಕೊಲೊರಾಡೋದ ಸಕ್ಕರೆ ಗೆಡ್ಡೆಯ ಹೊಲಗಳಿಗೆ ಹೋಗಿ, ಕೊಯ್ಲು ಮುಗಿದ ಮೇಲೆ ಹಿಂತಿರುಗುತ್ತಿದ್ದರು. ಅಂದರೆ ಸಾಗರ ದಾಟಿದ ಮೇಲೂ ಪ್ರತಿ ವರ್ಷ ಮತ್ತೊಂದು ವಲಸೆ ಇತ್ತು. ಹಾಸಿಗೆ, ಪಾತ್ರೆ, ಮಗುವಿನ ಬಟ್ಟೆ ಎಲ್ಲವನ್ನೂ ಪ್ರತಿ ಸಲ ಕಟ್ಟಬೇಕು, ಬಿಚ್ಚಬೇಕು.

ಆ ಕೆಲಸದ ಒಂದು ವಸ್ತುವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗೆಡ್ಡೆಯ ತಲೆ ಕತ್ತರಿಸುವ ಕತ್ತಿ ಅದು. ಅಗಲವಾದ ಅಲಗು, ಮರದ ಹಿಡಿ, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಮೊನೆ. ನೆಲದಲ್ಲಿ ಬಿದ್ದ ಗೆಡ್ಡೆಯನ್ನು ಆ ಕೊಕ್ಕೆಯಿಂದ ಚುಚ್ಚಿ ಎತ್ತಿ, ಎಡಗೈಗೆ ತಂದು, ಒಂದೇ ಏಟಿಗೆ ಸೊಪ್ಪು ಹಾರಿಸಬೇಕು. ದಿನವಿಡೀ ಇದೇ ಕೆಲಸ. ಮಕ್ಕಳೂ ಮಾಡುತ್ತಿದ್ದರು. ಹಿಡಿಯ ಒಂದು ಬದಿ ಬೆರಳಿನ ಒತ್ತಡಕ್ಕೆ ಸವೆದು ತಗ್ಗಾಗಿತ್ತು. ವಲಸೆ ರೈತರ ವಸ್ತುಗಳ ಪ್ರದರ್ಶನವೊಂದು ಈ ಕತ್ತಿಯಿಂದ ಏಕೆ ಆರಂಭವಾಗಬಾರದು ಎಂದು ನಾನು ಕೇಳುತ್ತೇನೆ.

ಹೊಲದ ದಾರಿ:
ಏಕೆಂದರೆ ಅದು ಜರ್ಮನರದ್ದೇ ಎಂದು ಹೇಳುವ ಹಾಗಿಲ್ಲ. ಅಮೆರಿಕದ ಕಾರ್ಖಾನೆಯಲ್ಲಿ ತಯಾರಾದ ಕತ್ತಿ ಅದು. ಅದೇ ಹೊಲಗಳಲ್ಲಿ ಮುಂದೆ ಜಪಾನೀಯರೂ ಮೆಕ್ಸಿಕನ್ನರೂ ಅದನ್ನೇ ಹಿಡಿದರು.

ಲಿಂಕನ್ ಕನ್ನಡಿಗ:
ಹಿಡಿದ ಕೈ ಯಾರದೋ ವಸ್ತು ಅವರದೇ. ಟುಲಿಪ್ ಹೂವು ಬರೆದಿದ್ದರೆ ಮಾತ್ರ ಜರ್ಮನ್, ಬೆವರು ಹತ್ತಿದ್ದರೆ ಅಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಬಯಲುಸೀಮೆಯವಳು:
ನಾನೂ ಲಿಂಕನ್‌ನವರ ಪಕ್ಷ. ಒಂದು ಸೇರಿಸುತ್ತೇನೆ: ಉರುವಲು. ಮರವೇ ಇಲ್ಲದ ಬಯಲಿನಲ್ಲಿ ಡಕೋಟಾದ ಕಪ್ಪು ಸಮುದ್ರ ಜರ್ಮನರು ಸಗಣಿಯನ್ನು ಹುಲ್ಲಿನೊಂದಿಗೆ ತುಳಿದು, ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ ಒಟ್ಟುತ್ತಿದ್ದರು. ಅಕ್ಕಪಕ್ಕದ ಇತರ ವಲಸಿಗರು ಮೂಗು ಮುರಿದರೂ ಚಳಿಗಾಲದಲ್ಲಿ ಮನೆ ಬೆಚ್ಚಗಿದ್ದದ್ದು ಆ ಬೆರಣಿಯಿಂದಲೇ. ಅದನ್ನು ಕತ್ತರಿಸುವ ಸಲಿಕೆ ಪ್ರತಿ ಮನೆಯಲ್ಲಿಯೂ ಇದ್ದಿರಬೇಕು. ನಾನು ಒಂದು ಸಂಗ್ರಹಾಲಯದಲ್ಲಿ ಕೇಳಿದಾಗ ಅಲ್ಲಿನವರು ಈ ವಿಷಯ ಪ್ರದರ್ಶಿಸಲು ಕುಟುಂಬದವರಿಗೆ ಸಂಕೋಚ ಎಂದರು. ಅದೇ ಸಂಗ್ರಹಾಲಯದಲ್ಲಿ ಬೆಳ್ಳಿಯ ಚಮಚಗಳಿಗೆ ಎರಡು ಕಪಾಟುಗಳಿವೆ.

ನೇಯ್ಗೆಮನೆ:
ಸಂಕೋಚವೇ ಎಷ್ಟೋ ವಸ್ತುಗಳನ್ನು ತಿಪ್ಪೆಗೆ ಕಳಿಸಿದೆ. ಕಾಲಿನ ಮಾತು ಮೊದಲ ಪ್ರಶ್ನೆಯಲ್ಲಿಯೇ ಇತ್ತು, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ: ಮೆನ್ನೊನೈಟರು ಅಂಗಳಕ್ಕೂ ಕೊಟ್ಟಿಗೆಗೂ ಮೆಟ್ಟುತ್ತಿದ್ದುದು ಮರದ ಅಟ್ಟೆಗೆ ಚರ್ಮದ ಪಟ್ಟಿ ಹೊಡೆದ, ಹಿಮ್ಮಡಿ ತೆರೆದ ಚಪ್ಪಲಿ. ಬಾಗಿಲಲ್ಲಿ ಬಿಟ್ಟು ಒಳಗೆ ಬರುತ್ತಿದ್ದರು. ಸವೆದರೆ ಅಟ್ಟೆ ಒಲೆಗೆ ಹೋಗುತ್ತಿತ್ತು, ಚರ್ಮ ಹೊಸ ಅಟ್ಟೆಗೆ.

ಅಡಿಲೇಡ್ ಅಮ್ಮ:
ಅಮೆರಿಕದ ಹೊರಗೂ ಒಮ್ಮೆ ಕಣ್ಣು ಹಾಯಿಸಿ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದವರು ರಷ್ಯಾದಿಂದಲ್ಲ, ನೇರವಾಗಿ ಪ್ರಷ್ಯಾದಿಂದ ಬಂದ ಹಳೆಯ ಲೂಥರನ್ನರು. ಅರಸ ಮೂರನೆಯ ಫ್ರೆಡರಿಕ್ ವಿಲಿಯಂ ಲೂಥರನ್ ಮತ್ತು ಕ್ಯಾಲ್ವಿನ್ ಪಂಥಗಳನ್ನು ಒಂದೇ ಆರಾಧನಾ ವಿಧಿಗೆ ತರಲು ಹೊರಟದ್ದನ್ನು ಒಪ್ಪದೆ, ಪಾದ್ರಿ ಕಾವೆಲ್ ಅವರ ಮುಂದಾಳತ್ವದಲ್ಲಿ 1838ರಲ್ಲಿ ಹೊರಟರು. ಡಿರ್ಕ್ ಹಾನ್ ಎಂಬ ಕಪ್ತಾನನ ‘ಝೀಬ್ರಾ’ ಹಡಗಿನಲ್ಲಿ ಬಂದವರು 1839ರಲ್ಲಿ ಕಟ್ಟಿದ ಊರು ಹಾನ್‌ಡಾರ್ಫ್. ಬರೋಸಾ ಕಣಿವೆಯ ಬೆಥನಿ 1842ರದ್ದು.

ಇಲ್ಲಿನ ವಸ್ತುಗಳಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು ಮದುವೆಯ ಕಪ್ಪು ಉಡುಗೆ. ವಧು ಕಪ್ಪು ಗೌನು ತೊಟ್ಟು ತಲೆಗೆ ಮಿರ್ಟಲ್ ಎಲೆಯ ದಂಡೆ ಮುಡಿಯುತ್ತಿದ್ದಳು. ನಮ್ಮ ಕಣ್ಣಿಗೆ ಅಮಂಗಳವೆನಿಸಬಹುದು. ಆದರೆ ಅವರಿಗೆ ಕಪ್ಪು ಗಂಭೀರವಾದ, ಒಳ್ಳೆಯ ಬಟ್ಟೆಯ ಬಣ್ಣ. ಮದುವೆಯಾದ ಮೇಲೆ ಅದೇ ಗೌನು ವರ್ಷಗಟ್ಟಲೆ ಭಾನುವಾರದ ಪ್ರಾರ್ಥನೆಗೆ, ಹಬ್ಬಕ್ಕೆ, ಸಾವಿನ ಮನೆಗೆ ಬಳಕೆಯಾಗುತ್ತಿತ್ತು. ಬಸುರಿಯಾದಾಗ ಸೊಂಟದ ಹೊಲಿಗೆ ಬಿಚ್ಚಿ ಅಗಲ ಮಾಡಿ, ಬಳಿಕ ಮತ್ತೆ ಹೊಲಿದ ಗುರುತುಗಳಿರುವ ಗೌನನ್ನು ನಾನು ನೋಡಿದ್ದೇನೆ. ಹೊಲಿಗೆಯ ತೂತುಗಳ ಸಾಲು ಒಂದರ ಪಕ್ಕ ಒಂದು ಸ್ಪಷ್ಟವಾಗಿ ಕಾಣುತ್ತದೆ. ಆ ಸಾಲುಗಳ ಬಗ್ಗೆ ಚೀಟಿಯಲ್ಲಿ ಒಂದು ಮಾತೂ ಇರಲಿಲ್ಲ. ‘ವಧುವಿನ ಉಡುಗೆ’ ಎಂದಷ್ಟೇ ಇತ್ತು.

ವಸ್ತುಕೋಶ:
ಇದು ಅಮೂಲ್ಯವಾದ ಗಮನಿಕೆ. ಇಂಥ ಕಡೆ ದುರಸ್ತಿಯ ಗುರುತೇ ದಾಖಲೆ.

ಹಳೆ ಪುಟ:
ಪುಸ್ತಕಗಳನ್ನು ‘ಅಲಂಕಾರದ ವಸ್ತು’ಗಳ ಸಾಲಿಗೆ ತಳ್ಳಿದ್ದು ನನಗೆ ಸರಿಯೆನಿಸಲಿಲ್ಲ. ಕ್ರಿಸ್ಟೋಫರ್ ಸೌರ್ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ 1743ರಲ್ಲಿ ಜರ್ಮನ್ ಬೈಬಲ್ ಮುದ್ರಿಸಿದ್ದು ಅಂದವಾಗಿ ಕಪಾಟಿನಲ್ಲಿಡಲಿ ಎಂದಲ್ಲ, ದಿನವೂ ಓದುವವರು ಇದ್ದರು ಎಂದು. ರೈತರ ಮನೆಯ ಬೈಬಲ್ಲಿನ ಮೊದಲ ಖಾಲಿ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿರುತ್ತವೆ. ಸ್ತೋತ್ರ ಪುಸ್ತಕದಲ್ಲಿ ಪದೇ ಪದೇ ತಿರುವಿದ ಹಾಳೆಗಳ ಮೂಲೆ ಕಪ್ಪಾಗಿರುತ್ತದೆ.

ಮತ್ತೊಂದು ವಿಷಯ. ಈ ಪುಸ್ತಕಗಳು ಒಂದು ಕಾಲದಲ್ಲಿ ಬಚ್ಚಿಡುವ ವಸ್ತುಗಳಾಗಿದ್ದವು. ಮೊದಲ ಮಹಾಯುದ್ಧದ ವೇಳೆ ಅಮೆರಿಕದಲ್ಲಿ ಜರ್ಮನ್ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ನೆಬ್ರಾಸ್ಕ 1919ರ ಕಾಯಿದೆಯಿಂದ ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಪರಭಾಷೆ ಕಲಿಸುವುದನ್ನೇ ನಿಷೇಧಿಸಿತು. ಜರ್ಮನ್ ಓದಿಸಿದ ಒಬ್ಬ ಶಾಲಾ ಉಪಾಧ್ಯಾಯರ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1923ರಲ್ಲಿ ಆ ಕಾಯಿದೆ ಬಿದ್ದುಹೋಯಿತು. ಅಷ್ಟರಲ್ಲಿ ಎಷ್ಟು ಪುಸ್ತಕಗಳು ಅಟ್ಟ ಸೇರಿದ್ದವೋ!

ಅಡಿಲೇಡ್ ಅಮ್ಮ:
ಇಲ್ಲಿಯೂ 1917ರ ಕಾಯಿದೆಯಿಂದ 69 ಜರ್ಮನ್ ಊರುಹೆಸರುಗಳನ್ನು ಬದಲಿಸಿದರು. ಹಾನ್‌ಡಾರ್ಫ್ ಆಂಬಲ್‌ಸೈಡ್ ಆಯಿತು. ಹಳೆಯ ಹೆಸರು 1935ರಲ್ಲಿ ಮರಳಿತು. ಹೆಸರು ಬದಲಾದ ಕಾಲದಲ್ಲಿ ಪೆಟ್ಟಿಗೆಯ ಮೇಲಿನ ಬರಹಕ್ಕೆ ಬಣ್ಣ ಬಳಿದವರೂ ಇದ್ದಿರಬಹುದು ಎಂದು ನಾನು ಯೋಚಿಸುತ್ತಿರುತ್ತೇನೆ.

ಮಂಗಳೂರಿನ ಓದುಗ:
ನಮ್ಮ ಕಡೆಗೂ ಒಂದು ಎಳೆ ಇದೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ವುರ್ಟೆಂಬರ್ಗಿನ ಬ್ರಾಕೆನ್‌ಹೈಮ್‌ನಲ್ಲಿ, 1811ರಲ್ಲಿ. ತಂಬೋರಾ ಜ್ವಾಲಾಮುಖಿಯ ಸ್ಫೋಟದ ನಂತರ 1816ರಲ್ಲಿ ಬೇಸಿಗೆಯೇ ಬರದೆ ಬೆಳೆ ಹೋದಾಗ, ಅದೇ ವುರ್ಟೆಂಬರ್ಗಿನ ಭಕ್ತ ರೈತ ಕುಟುಂಬಗಳು ಗುಂಪುಗುಂಪಾಗಿ ಕಪ್ಪು ಸಮುದ್ರಕ್ಕೂ ಕಾಕಸಸ್‌ಗೂ ಹೊರಟವು. ಮಿಷನ್ನಿನವರಾಗಿ ಮಂಗಳೂರಿಗೆ ಬಂದವರೂ ನೇಗಿಲು ಹಿಡಿದು ಕಪ್ಪು ಸಮುದ್ರದ ಬಳಿಯ ಬೆಸ್ಸರೇಬಿಯಾ ಸೀಮೆಗೆ ಹೋದವರೂ ಒಂದೇ ಭಕ್ತಿಪಂಥದ ವಾತಾವರಣದಿಂದ ಎದ್ದವರು.

ಕಣದ ಮಾತು:
ಒಳ್ಳೆಯ ಎಳೆ. ಆದರೆ ರೈತ ಮಕ್ಕಳು ಮರಿ, ಕೊಡಲಿ ಕೊಪ್ಪರಿಗೆಗಳ ಸಮೇತ ಹೋದ. ಮಿಷನ್ನಿನವರ ಸಾಮಾನಿನ ಪಟ್ಟಿಯೇ ಬೇರೆ.

ಡೆಟ್‌ಮೋಲ್ಟ್ ನೆರೆಯವ:
ನೀವು ಇದುವರೆಗೆ ಮಾತನಾಡಿದ್ದು ತಾವೇ ಹೊರಟವರ ಬಗ್ಗೆ. ಅವರಿಗೆ ಆರಿಸಿಕೊಳ್ಳುವ ಸಮಯವಿತ್ತು. ಮೊಲೋಚ್ನಾ ವಸಾಹತಿನ ಅಲೆಕ್ಸಾಂಡರ್‌ವೋಲ್ ಗ್ರಾಮದ ಸುಮಾರು 800 ಮಂದಿ 1874ರಲ್ಲಿ ಹ್ಯಾಂಬರ್ಗಿನಿಂದ ‘ಸಿಂಬ್ರಿಯಾ’ ಮತ್ತು ‘ಟ್ಯೂಟೋನಿಯಾ’ ಹಡಗುಗಳನ್ನು ಹತ್ತುವ ಮೊದಲು ಮನೆ ಮಾರಿದ್ದರು, ಬನ್ನು ಸುಟ್ಟಿದ್ದರು, ಪೆಟ್ಟಿಗೆ ಕಟ್ಟಿದ್ದರು. ರಷ್ಯಾದಲ್ಲಿಯೇ ಉಳಿದವರಿಗೆ ಆ ಸಮಯ ಸಿಗಲಿಲ್ಲ.

ಸೋವಿಯತ್ ಸರ್ಕಾರ 1941ರ ಆಗಸ್ಟ್ 28ರಂದು ಹೊರಡಿಸಿದ ಆಜ್ಞೆಯಿಂದ ವೋಲ್ಗಾದ ಜರ್ಮನರನ್ನೆಲ್ಲ ಸೈಬೀರಿಯಾ ಮತ್ತು ಕಝಾಕಿಸ್ತಾನಕ್ಕೆ ಗಡೀಪಾರು ಮಾಡಿದರು. ಅವರ ಮೊಮ್ಮಕ್ಕಳು ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿನಿಂದ ಲಕ್ಷಗಟ್ಟಲೆ ಜರ್ಮನಿಗೆ ಮರಳಿದ್ದಾರೆ. ನನ್ನ ಬೀದಿಯಲ್ಲಿಯೇ ಇಂಥ ಮನೆಗಳಿವೆ, ಡೆಟ್‌ಮೋಲ್ಟ್‌ನಲ್ಲಿ ಅವರ ಚರಿತ್ರೆಗೆಂದೇ ಒಂದು ಸಂಗ್ರಹಾಲಯವಿದೆ. ನೆರೆಮನೆಯ ಅಜ್ಜಿ ಹೇಳುತ್ತಿದ್ದರು: ಹೊರಡುವ ಮುನ್ನ ಅವರ ತಾಯಿ ಹಂದಿ ಕಡಿಸಿ ಮಾಂಸವನ್ನು ಕೊಬ್ಬಿನಲ್ಲಿ ಹುರಿದು ಡಬ್ಬಕ್ಕೆ ತುಂಬಿದರು, ಹೊಲಿಗೆ ಯಂತ್ರದ ತಲೆಯನ್ನು ಮಾತ್ರ ಕಳಚಿ ದಿಂಬಿನಲ್ಲಿ ಸುತ್ತಿಕೊಂಡರು, ಕಾಲುಗಳನ್ನು ಅಲ್ಲಿಯೇ ಬಿಟ್ಟರು. ಕಝಾಕಿಸ್ತಾನದಲ್ಲಿ ಆ ಯಂತ್ರದಿಂದ ಊರವರಿಗೆ ಬಟ್ಟೆ ಹೊಲಿದು ಕೊಟ್ಟು ಬದಲಿಗೆ ಹಿಟ್ಟು, ಆಲೂಗೆಡ್ಡೆ ಪಡೆದರು. ಹಾಲು ಕರೆಯುವವರಿಲ್ಲದೆ ಹಿಂದೆ ಉಳಿದ ಹಸುಗಳ ಕೂಗನ್ನು ಆ ಅಜ್ಜಿ ಮರೆಯಲಿಲ್ಲ.

ಆ ಮನೆಯಲ್ಲಿ ಈಗ ಇರುವುದು ಒಂದು ಶಾಲಾ ನೋಟುಪುಸ್ತಕ. ಮುದ್ರಿತ ಸ್ತೋತ್ರ ಪುಸ್ತಕ ಸಿಗದ ವರ್ಷಗಳಲ್ಲಿ ಅಜ್ಜಿಯ ತಾಯಿ ನೆನಪಿನಿಂದ ಬರೆದುಕೊಂಡ ಹಾಡುಗಳು ಅದರಲ್ಲಿವೆ. ಕೆಲವು ಜರ್ಮನ್ ಲಿಪಿಯಲ್ಲಿ, ನಂತರದವು ರಷ್ಯನ್ ಲಿಪಿಯಲ್ಲಿ, ಭಾಷೆ ಮಾತ್ರ ಉದ್ದಕ್ಕೂ ಜರ್ಮನ್. ಇಂಥ ಕೈಬರಹದ ಪುಸ್ತಕಗಳು ಗಡೀಪಾರಾದ ಬಹಳಷ್ಟು ಕುಟುಂಬಗಳಲ್ಲಿದ್ದವು.

ಹೇಸ್ ಹತ್ತಿರದವ:
ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ವಿಕ್ಟೋರಿಯಾದಲ್ಲಿ 1911ರಲ್ಲಿ ಭವ್ಯವಾದ ಸುಣ್ಣಕಲ್ಲಿನ ಚರ್ಚು ಕಟ್ಟಿ ಮುಗಿಸಿದವರ ಬಂಧುಗಳು ಮೂವತ್ತೇ ವರ್ಷಗಳ ಬಳಿಕ ಗೂಡ್ಸ್ ರೈಲಿನಲ್ಲಿದ್ದರು.

ನೇಯ್ಗೆಮನೆ:
ಆ ಹೊಲಿಗೆ ಯಂತ್ರದ ಆಯ್ಕೆಯನ್ನು ಗಮನಿಸಿ. ಗಡಿಬಿಡಿಯಲ್ಲಿ ಏನು ಹೊರಬೇಕೆಂದು ನಿರ್ಧರಿಸಿದವಳು ಮನೆಯ ಹೆಂಗಸು, ಮತ್ತು ಅವಳು ಅನ್ನ ಸಂಪಾದಿಸುವ ವಸ್ತುವನ್ನು ಎತ್ತಿಕೊಂಡಳು. ವಲಸೆಯ ಚರಿತ್ರೆಯಲ್ಲಿ ಮುಂದಾಳುಗಳ, ಪಾದ್ರಿಗಳ, ರೈಲ್ವೆ ಏಜೆಂಟರ ಹೆಸರುಗಳು ಸಿಗುತ್ತವೆ. ಪೆಟ್ಟಿಗೆ ಕಟ್ಟಿದವಳ ಲೆಕ್ಕಾಚಾರ ಎಲ್ಲಿಯೂ ದಾಖಲಾಗಿಲ್ಲ.

ಹೊಲದ ದಾರಿ:
ಗಂಡಸರೂ ಉಪಕರಣಗಳನ್ನು ಆರಿಸಿದರು. ಕಮ್ಮಾರನ ಸುತ್ತಿಗೆ, ಬಡಗಿಯ ಉಳಿ, ಕುಡುಗೋಲಿನ ಅಲಗು ಇವನ್ನು ಮರೆಯಬೇಡಿ. ಉತ್ತರ ಡಕೋಟಾದ ಸ್ಮಶಾನಗಳಲ್ಲಿ ಕಪ್ಪು ಸಮುದ್ರ ಜರ್ಮನ್ ಕಮ್ಮಾರರು ಬಡಿದು ಮಾಡಿದ ಕಬ್ಬಿಣದ ಶಿಲುಬೆಗಳನ್ನು ನೋಡಿದರೆ ಅವರ ಕೈಯ ಹದ ತಿಳಿಯುತ್ತದೆ.

ನೇಯ್ಗೆಮನೆ:
ಕುಡುಗೋಲಿನ ಮರದ ಹಿಡಿಯನ್ನು ಬಿಟ್ಟು ಅಲಗನ್ನಷ್ಟೇ ತರುವುದು ಒಳ್ಳೆಯ ಲೆಕ್ಕಾಚಾರವೇ. ಹೊಲಿಗೆ ಯಂತ್ರದ ತಲೆಯದ್ದೂ ಅದೇ ಲೆಕ್ಕ. ನಾನು ಕೇಳುತ್ತಿರುವುದು ಎರಡನ್ನೂ ಒಂದೇ ಕಪಾಟಿನಲ್ಲಿ ಇಡಿ ಎಂದು.

ಬಯಲುಸೀಮೆಯವಳು:
ಇಷ್ಟು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ. ಈಗ ನನಗೆ ಬೇಕಾದದ್ದು ದಾರಿ. ಉಳಿಯದ ವಸ್ತುಗಳನ್ನು ಎಲ್ಲಿ ಹುಡುಕಬೇಕು?

ವಸ್ತುಕೋಶ:
ಮೊದಲು ಕೌಂಟಿ ನ್ಯಾಯಾಲಯದ ಉತ್ತರಾಧಿಕಾರ ಕಡತಗಳು. ಯಜಮಾನ ಸತ್ತಾಗ ಮನೆಯ ಆಸ್ತಿಯನ್ನು ಪಟ್ಟಿ ಮಾಡಿ ಬೆಲೆ ಕಟ್ಟಿರುತ್ತಾರೆ. ಹಾಸಿಗೆ, ಒಲೆ, ಪಾತ್ರೆ ಎಲ್ಲವೂ ಅಲ್ಲಿ ಬರುತ್ತವೆ. ಎರಡನೆಯದು, ಸ್ಥಳೀಯ ಪತ್ರಿಕೆಗಳಲ್ಲಿ ಬಂದ ಜಮೀನು ಮನೆಗಳ ಹರಾಜಿನ ಜಾಹೀರಾತುಗಳು. ಮೂರನೆಯದು, ಹ್ಯಾಂಬರ್ಗ್ ಬಂದರಿನ 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿ; ಅದರಲ್ಲಿ ಸಾಮಾನಿನ ವಿವರ ಸಿಗದಿದ್ದರೂ ಒಂದು ಪೆಟ್ಟಿಗೆಯ ಮೇಲಿನ ಹೆಸರು ಯಾವ ಊರಿನಿಂದ ಹೊರಟಿತು ಎಂದು ಹೊಂದಿಸಬಹುದು. ಲಿಂಕನ್‌ನಲ್ಲಿರುವ ರಷ್ಯಾ ಜರ್ಮನರ ಅಮೆರಿಕನ್ ಐತಿಹಾಸಿಕ ಸಂಸ್ಥೆ 1968ರಿಂದ ಕುಟುಂಬಗಳ ನೆನಪುಗಳನ್ನು ಸಂಗ್ರಹಿಸುತ್ತಿದೆ, ಅಲ್ಲಿಯೂ ಕೇಳಿ. ಕೊನೆಯದಾಗಿ, ಸಂಗ್ರಹಾಲಯದವರಲ್ಲಿ ಪ್ರದರ್ಶನಕ್ಕೆ ಇಡದ ಉಗ್ರಾಣದ ವಸ್ತುಗಳನ್ನು ತೋರಿಸಲು ಕೇಳಿಕೊಳ್ಳಿ. ಒಡೆದದ್ದು, ತೇಪೆ ಹಾಕಿದ್ದು, ‘ಯಾರದೋ ತಿಳಿಯದು’ ಎಂದು ಬರೆದಿಟ್ಟದ್ದು ಅಲ್ಲಿರುತ್ತದೆ.

ಲಿಂಕನ್ ಕನ್ನಡಿಗ:
ಲಿಂಕನ್ ಕೆಲಸ ನನ್ನದು. ಸಕ್ಕರೆ ಗೆಡ್ಡೆಯ ಹೊಲಗಳಿಗೆ ಹೋಗುತ್ತಿದ್ದ ಕುಟುಂಬಗಳು ಏನೇನು ಕಟ್ಟಿಕೊಂಡು ಹೋಗುತ್ತಿದ್ದವು ಎಂಬ ಬಗ್ಗೆ ನೆನಪುಗಳು ಇದ್ದರೆ ಓದಿ ಇಲ್ಲಿ ಬರೆಯುತ್ತೇನೆ.

ಅಡಿಲೇಡ್ ಅಮ್ಮ:
ಆ ಗೌನಿನ ಹೊಲಿಗೆಯ ಚಿತ್ರ ತೆಗೆಯಲು ಅನುಮತಿ ಕೇಳಿದ್ದೇನೆ. ಸಿಕ್ಕರೆ ಹಾಕುತ್ತೇನೆ. ವಿನ್ನಿಪೆಗ್‌ನವರೇ, ನಿಮ್ಮ ಕಡೆಯ ಮರದ ಅಟ್ಟೆಯ ಚಪ್ಪಲಿಯದ್ದೂ ಒಂದು ಹಾಕಿ, ಹಿಮ್ಮಡಿ ಭಾಗ ಕಾಣುವ ಹಾಗೆ.